ನಡುವೆ ಬಿದ್ದ ಶಟಲ್

ಡಬಲ್ಸ್ ಕಲಿಸುವವರಿಗೆಲ್ಲ ನಡುಗೆರೆಯ ಕಾಟ ಗೊತ್ತು. ಇಬ್ಬರು ಅಕ್ಕಪಕ್ಕ ನಿಂತಿರುತ್ತಾರೆ, ಎದುರಿನವರು ಸರಿಯಾಗಿ ಇಬ್ಬರ ನಡುವೆ ಶಟಲ್ ಬಿಡುತ್ತಾರೆ. ಅವಳು ಹೊಡೆಯುತ್ತಾಳೆಂದು ಇವಳು, ಇವಳು ಹೊಡೆಯುತ್ತಾಳೆಂದು ಅವಳು. ಶಟಲ್ ಇಬ್ಬರ ಕಾಲ ಬಳಿ ಬಿದ್ದು ಹೊರಳುತ್ತದೆ. ಹೊಸಬರಲ್ಲಿ ಇದು ಕೆಲವು ವಾರಗಳಲ್ಲಿ ತಾನಾಗಿ ಸರಿಹೋಗುವ ತೊಂದರೆ. ಆದರೆ ಒಂದು ಮಳೆಗಾಲ ಪೂರ್ತಿ ಈ ನಡುಗೆರೆಯನ್ನು ದಾಟಲಾಗದೆ ಒದ್ದಾಡಿದ್ದೇನೆ. ಗೆರೆಯ ಆಚೀಚೆ ನಿಂತವರು ಒಂದೇ ಮನೆಯ ಅತ್ತೆ ಮತ್ತು ಸೊಸೆ.

ನಾನು ಶಟಲ್ ಕಲಿಸುವ ಹಾಲ್ ಗದಗಿಗೂ ಬೆಟಗೇರಿಗೂ ನಡುವೆ ಇದೆ. ಮೊದಲು ಅದು ಹತ್ತಿ ಗೋದಾಮು. ತಗಡಿನ ಮಾಡು, ಸಿಮೆಂಟಿನ ಮೇಲೆ ಹಾಸಿದ ಹಸಿರು ಮ್ಯಾಟ್, ಎರಡು ಕೋರ್ಟು. ಆಷಾಢದ ಗಾಳಿ ಶುರುವಾಯಿತೆಂದರೆ ಗೋಡೆಗೂ ತಗಡಿಗೂ ನಡುವಿನ ಸಂದಿಯಿಂದ ನುಗ್ಗಿ, ಮೇಲೆ ಹೋದ ಶಟಲ್ಲನ್ನು ಮೊಳದಷ್ಟು ಪಕ್ಕಕ್ಕೆ ತಳ್ಳುತ್ತದೆ. ಸಂದಿಗೆ ಗೋಣಿಚೀಲ ತುರುಕಿ ಆಡಿಸುತ್ತೇವೆ. ಬೆಳಗಿನ ಬ್ಯಾಚಿಗೆ ಬರುವವರು ಹೆಚ್ಚಾಗಿ ಆರೋಗ್ಯಕ್ಕಾಗಿ ಬರುವ ಅಂಗಡಿಯವರು, ಶಿಕ್ಷಕಿಯರು, ಬ್ಯಾಂಕಿನವರು. ಬಂದ ಹೊಸದರಲ್ಲಿ ಎಲ್ಲರೂ ತೂಕದ ಮಾತಾಡುತ್ತಾರೆ. ಯಾವುದೋ ಒಂದು ದಿನ ತೂಕ ಮರೆತು, 'ಆ ಶಾಟ್ ನನಗ್ಯಾಕ ಬರವಲ್ದು?' ಎಂದು ಕೇಳುತ್ತಾರೆ. ನನ್ನ ನಿಜವಾದ ಕೆಲಸ ಅವತ್ತು ಶುರುವಾಗುತ್ತದೆ.

ಅತ್ತೆಗೆ ಸಕ್ಕರೆ ಕಾಯಿಲೆ. ನಡೆಯುವುದು ಸಾಲದು, ಬೆವರು ಬರುವಂಥದ್ದು ಏನಾದರೂ ಮಾಡಿ ಎಂದು ಡಾಕ್ಟರು ಹೇಳಿದ್ದರು. ಸೊಸೆ ಶಿರಹಟ್ಟಿಯ ಹೆಣ್ಣುಮಗಳು, ಕಾಲೇಜಿನಲ್ಲಿ ಶಟಲ್ ಆಡಿದವಳು. ಹೆರಿಗೆಯಾಗಿ ವರ್ಷ ದಾಟಿತ್ತು. ನೇಕಾರರ ಮನೆ. ಈಗ ಮಗ್ಗದ ಜೊತೆಗೆ ಸೀರೆ ಅಂಗಡಿಯೂ ಇದೆ. ಮೊದಲ ದಿನವೇ ಅತ್ತೆ ಮನೆಯ ಕರಾರನ್ನು ನನ್ನ ಮುಂದಿಟ್ಟರು.

"ನಮ್ಮ ಮನಿಯವರು ಒಂದ ಮಾತು ಹೇಳ್ಯಾರ್ರಿ ಬಾಯಾರ. ಹೋಗೂದಾದರ ಇಬ್ಬರೂ ಕೂಡೇ ಹೋಗ್ರಿ, ಬರೂದಾದರ ಕೂಡೇ ಬರ್ರಿ ಅಂತ. ಅಲ್ಲೀತನಕ ಕೂಸಿನ್ನ ಅವರ ಹಿಡ್ಕೋತಾರ."

ಅತ್ತೆ ಸೀರೆಯಲ್ಲಿ ಬಂದು, ಸಾಮಾನು ಕೋಣೆಯಲ್ಲಿ ಸೊಸೆಯ ಚೂಡಿದಾರ ತೊಟ್ಟು, ಆಡಿ, ಮತ್ತೆ ಸೀರೆ ಉಟ್ಟುಕೊಂಡು ಹೋಗುತ್ತಿದ್ದರು. ಬೂಟು ಮಾತ್ರ ಹೊಸದು. ಮೊದಲ ವಾರ ಅದನ್ನು ಹಾಕಿಕೊಂಡು ನಡೆಯುವಾಗ ಅವರಿಗೇ ನಗು ಬರುತ್ತಿತ್ತು.

ಅತ್ತೆ ಎಡಗೈಯವರು. ಶಾಲೆಯಲ್ಲಿದ್ದಾಗ ಉಣ್ಣೆಯ ಚೆಂಡಿನ ಬಾಲ್ ಬ್ಯಾಡ್ಮಿಂಟನ್ ಆಡಿದ್ದರಂತೆ. ಆ ಆಟದ ಬೀಸು ಇನ್ನೂ ತೋಳಿನಲ್ಲಿ ಉಳಿದಿತ್ತು. ಭುಜದಿಂದ ದೊಡ್ಡದಾಗಿ ಬೀಸುವರು, ಮಣಿಕಟ್ಟು ಆಡುತ್ತಲೇ ಇರಲಿಲ್ಲ. ರ‍್ಯಾಕೆಟ್ಟನ್ನು ಸಾರಿನ ಸೌಟಿನಂತೆ ಗಟ್ಟಿಯಾಗಿ ಹಿಡಿಯುತ್ತಿದ್ದರು. ಬೆರಳು ಸಡಿಲ ಬಿಡಿ, ಹೊಡೆಯುವ ಕ್ಷಣಕ್ಕೆ ಮಾತ್ರ ಬಿಗಿ ಮಾಡಿ ಎಂದು ದಿನವೂ ಹೇಳುತ್ತಿದ್ದೆ. ಗೋಡೆಗೆ ಹತ್ತಿರ ನಿಲ್ಲಿಸಿ, ಬೀಸಲು ಜಾಗವೇ ಇಲ್ಲದಂತೆ ಮಾಡಿ ಮಣಿಕಟ್ಟಿನಿಂದ ಹೊಡೆಸಿದೆ. ಶ್ರಾವಣದ ಹೊತ್ತಿಗೆ ಅವರ ಶಟಲ್ ಕೋರ್ಟಿನ ಹಿಂಗೆರೆ ಮುಟ್ಟತೊಡಗಿತು.

ಸೊಸೆಯ ಆಟ ಬೇರೆಯೇ. ಎದುರಾಳಿ ಹೊಡೆಯುವ ಕ್ಷಣಕ್ಕೆ ಎರಡೂ ಪಾದ ಹಗುರಾಗಿ ಎತ್ತಿ ಇಳಿಸಿ, ಯಾವ ದಿಕ್ಕಿಗಾದರೂ ಚಿಮ್ಮಲು ಸಿದ್ಧಳಾಗುವುದು ಅವಳಿಗೆ ಯಾರೂ ಹೇಳಿಕೊಡದೆ ಬಂದಿತ್ತು. ಮೈ ಭಾರವಾಗಿತ್ತು, ಉಸಿರು ಬೇಗ ಸೋಲುತ್ತಿತ್ತು, ಆದರೆ ಕಣ್ಣು ಚುರುಕು. ಉಸಿರು ಮರಳಿ ಬಂದರೆ ಇವಳು ದೂರ ಹೋಗುತ್ತಾಳೆ ಎಂದು ನನಗೆ ಆಗಲೇ ಅನ್ನಿಸಿತ್ತು.

ದಸರೆಯ ನಂತರ ಲಕ್ಷ್ಮೇಶ್ವರದಲ್ಲಿ ಮಹಿಳೆಯರ ಡಬಲ್ಸ್ ಪಂದ್ಯಗಳಿವೆ ಎಂಬ ಖಬರು ಬಂದಾಗ ಮೊದಲು ಬಾಯಿಬಿಟ್ಟವರು ಅತ್ತೆ. "ನಾವೂ ಆಡೂಣಲ್ಲ ಬಾಯಾರ. ಸೋತರ ಸೋತಿವಿ, ಯಾರೇನ ನಮ್ಮ ಮಗ್ಗ ಕಸ್ಕೊಂಡು ಹೋಗ್ತಾರೇನು?" ಸೊಸೆಯ ಮುಖ ಅರಳಿತು.

ಹೀಗೆ ಇಬ್ಬರನ್ನೂ ಜೋಡಿಯಾಗಿ ನಿಲ್ಲಿಸಿದ ಮೇಲೆ ನಡುಗೆರೆ ನನಗೆ ಗಂಟುಬಿತ್ತು.

ಎಡಗೈಯವರು ಬಲಭಾಗದಲ್ಲಿ, ಬಲಗೈಯವರು ಎಡಭಾಗದಲ್ಲಿ ನಿಂತರೆ ಇಬ್ಬರ ರ‍್ಯಾಕೆಟ್ಟೂ ನಡುವಿಗೆ ಬರುತ್ತವೆ. ಮಾತಾಡಿಕೊಂಡು ಆಡುವ ಜೋಡಿಗೆ ಇದು ಬಲ, ಮಾತಾಡದ ಜೋಡಿಗೆ ಅಪಾಯ. ಮೊದಲ ವಾರವೇ ಎರಡು ರ‍್ಯಾಕೆಟ್ಟು ಡಿಕ್ಕಿ ಹೊಡೆದು ಸೊಸೆಯ ರ‍್ಯಾಕೆಟ್ಟಿನ ಚೌಕಟ್ಟು ಸೀಳಿತು. ಅಂದಿನಿಂದ ಅವಳು ನಡುವಿನ ಶಟಲ್ಲಿಗೆ ಕೈಯನ್ನೇ ಚಾಚಲಿಲ್ಲ. ಜಾಗ ಬದಲಿಸಿ ನೋಡಿದೆ. ಆಗ ಇಬ್ಬರ ಹಿಂಗೈ, ಅಂದರೆ ಬ್ಯಾಕ್‌ಹ್ಯಾಂಡ್, ನಡುವಿಗೆ ಬಂತು, ಅಲ್ಲಿಗೆ ಬಂದ ವೇಗದ ಶಟಲ್ ಒಂದನ್ನೂ ಇಬ್ಬರಿಂದ ತಡೆಯಲಾಗಲಿಲ್ಲ. ಹಳೆಯ ಜಾಗಕ್ಕೇ ಮರಳಿಸಿ ಒಂದು ನಿಯಮ ಮಾಡಿದೆ: ಹಿಂದಿನ ಹೊಡೆತ ಯಾರದೋ, ನಡುವಿನ ಶಟಲ್ ಅವರದು. ಇದು ಸ್ವಲ್ಪ ನಡೆಯಿತು. ಆದರೆ ಒಬ್ಬರು ನೆಟ್ಟಿನ ಹತ್ತಿರ, ಇನ್ನೊಬ್ಬರು ಹಿಂದೆ ಹೋದ ಕೂಡಲೇ ಯಾರು ಹೊಡೆದದ್ದೆಂಬುದೇ ಇಬ್ಬರಿಗೂ ಮರೆತುಹೋಗುತ್ತಿತ್ತು.

ಉಳಿದ ದಾರಿ ಕೂಗುವುದು. ಸೊಸೆಯನ್ನು ಪಕ್ಕಕ್ಕೆ ಕರೆದೆ.

"ನಿನ್ನ ಕಡೆ ಬಂತಂದ್ರ 'ನಂದು' ಅಂತ ಒದರು. ಅವರು ಬಿಡ್ತಾರ. ಅಷ್ಟ ಸಾಕು."

ಅವಳು ರ‍್ಯಾಕೆಟ್ಟಿನ ದಾರ ಸರಿಪಡಿಸುತ್ತ ನಿಂತಳು. "ಅತ್ತ್ಯಾರ ಮುಂದ 'ನಂದು' ಅಂತ ಹ್ಯಾಂಗ ಒದರಲ್ರಿ ಮೇಡಂ? ಮನ್ಯಾಗ ಒಂದ ದಿನಾನೂ ಆ ಮಾತ ಅಂದಿಲ್ಲ ನಾ."

"ಇದು ಮನಿ ಅಲ್ಲವಾ. ಕೋರ್ಟು."

"ಅವರಿಗೂ ಹಂಗ ಅನಸ್ಬೇಕಲ್ರಿ," ಎಂದಳು.

ನಾನೂ ಒಂದು ಮನೆಯ ಸೊಸೆಯೇ. ಆದರೂ ಬಿಡಲಿಲ್ಲ. ದಿನಾ ಆಟ ಮುಗಿದ ಮೇಲೆ ಅವಳೊಬ್ಬಳನ್ನೇ ನಿಲ್ಲಿಸಿ, ನೆಟ್ಟಿನಾಚೆಯಿಂದ ಕೈಯಲ್ಲೇ ಶಟಲ್ ಎಸೆದು, ಪ್ರತಿಯೊಂದಕ್ಕೂ 'ನಂದು' ಎನ್ನಿಸಿದೆ. ಮೊದಲು ತುಟಿ ಅಲುಗುತ್ತಿತ್ತು, ಅಷ್ಟೆ. ಆಮೇಲೆ ನನಗೆ ಕೇಳುವಷ್ಟಾಯಿತು. ಅತ್ತೆ ಬೆಂಚಿನ ಮೇಲೆ ಕೂತು ಕಾಲು ಚಾಚಿಕೊಂಡು ಇದನ್ನು ನೋಡುತ್ತಿದ್ದರು.

ಅದೇ ದಿನಗಳಲ್ಲಿ ಅತ್ತೆಯ ಆಟ ಕುಗ್ಗಿತು. ಹಿಂದೆ ಹೋದ ಶಟಲ್ಲಿಗೆ ಓಡುತ್ತಿರಲಿಲ್ಲ. ನೆಟ್ಟಿನ ಹತ್ತಿರದ್ದಕ್ಕೆ ಕಾಲು ಚಾಚಿ ಬಾಗುವ ಬದಲು ನಿಂತಲ್ಲಿಂದಲೇ ಸೊಂಟ ಬಗ್ಗಿಸುತ್ತಿದ್ದರು. ಸೊಸೆಗೆ ಕೂಗಲು ಕಲಿಸುತ್ತಿರುವುದು ಅವರಿಗೆ ಹಿಡಿಸುತ್ತಿಲ್ಲ, ಅದಕ್ಕೇ ಮನಸ್ಸಿಟ್ಟು ಆಡುತ್ತಿಲ್ಲ ಎಂದುಕೊಂಡೆ.

ಒಂದು ಬೆಳಿಗ್ಗೆ, ಬ್ಯಾಚಿನ ಇಬ್ಬರು ಶಿಕ್ಷಕಿಯರ ಎದುರು ಅತ್ತೆ ಸೊಸೆಯನ್ನು ಆಡಿಸುತ್ತಿದ್ದೆ. ಬಹಳ ಹೊತ್ತು ನಡೆದ ಒಂದು ರ‍್ಯಾಲಿಯ ಕೊನೆಗೆ ಶಟಲ್ ಎತ್ತರಕ್ಕೆ ಹೋಗಿ ನಡುಗೆರೆಯ ನೇರಕ್ಕೆ ಇಳಿಯತೊಡಗಿತು. ಅತ್ತೆ ಒಂದು ಹೆಜ್ಜೆ ಇಟ್ಟರು. ಆಗ ಸೊಸೆ, "ನಂದು!" ಎಂದು ಕೂಗಿದಳು. ತಗಡಿನ ಮಾಡು ಗಣಗುಟ್ಟುವಂಥ ಕೂಗು. ಕೂಗಿದವಳೇ ಹಾರಿ ಹೊಡೆದಳು. ಶಟಲ್ ಇಬ್ಬರು ಶಿಕ್ಷಕಿಯರ ನಡುವೆ ಬಿತ್ತು. ಪಕ್ಕದ ಕೋರ್ಟಿನವರೂ ಆಟ ನಿಲ್ಲಿಸಿ ನೋಡಿದರು.

ಅತ್ತೆ ಇಟ್ಟ ಹೆಜ್ಜೆಯಲ್ಲೇ ನಿಂತಿದ್ದರು. ಮುಖ ಬಿಳುಚಿತ್ತು. ನಿಧಾನವಾಗಿ ಹೊರಗೆ ಹೋಗಿ ಬೆಂಚಿನ ಮೇಲೆ ಕೂತು ಬೂಟಿನ ದಾರ ಬಿಚ್ಚಿದರು.

"ಇವತ್ತಿಗೆ ಸಾಕು ಬಿಡ್ರಿ," ಎಂದರು. ಸೊಸೆ ಅವರ ಹಿಂದೆ ಸಾಮಾನು ಕೋಣೆಗೆ ಹೋದಳು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಫೋನ್ ಮಾಡಿದರೆ ಸೊಸೆ, "ಮನ್ಯಾಗ ಸ್ವಲ್ಪ ಕೆಲಸ ಐತ್ರಿ ಮೇಡಂ," ಎಂದು ಇಟ್ಟುಬಿಟ್ಟಳು. ಅವಳ ದನಿ ಮತ್ತೆ ತುಟಿಯೊಳಗೆ ಹೋಗಿತ್ತು. ಮೂಲೆಯಲ್ಲಿ ಅವರ ಹೆಸರಿನ ಎರಡು ನೀರಿನ ಬಾಟಲಿ ಹಾಗೇ ಉಳಿದಿದ್ದವು. ಕಲಿಸಿದ್ದು ತಪ್ಪಲ್ಲ ಎಂದು ನನಗೆ ಖಾತ್ರಿಯಿತ್ತು. ಆದರೆ ಅದರ ಬೆಲೆಯನ್ನು ಅವಳು ತೆರುತ್ತಿದ್ದಾಳಲ್ಲ ಎಂದು ಹಿಂಸೆಯಾಯಿತು. ವಾರ ಕಳೆದ ಮೇಲೆ, ಹಾಲ್ ಮುಚ್ಚಿ, ಅವರ ಮನೆಗೆ ಹೊರಟೆ.

ಬೆಟಗೇರಿಯ ಆ ಓಣಿಯಲ್ಲಿ ಎರಡು ಮನೆಗೊಂದು ಮಗ್ಗ ಇನ್ನೂ ಸದ್ದು ಮಾಡುತ್ತದೆ. ಪಡಸಾಲೆಯಲ್ಲಿ ಅತ್ತೆ ಗೋಡೆಗೊರಗಿ ಕೂತಿದ್ದರು. ಎಡಗಾಲು ದಿಂಬಿನ ಮೇಲಿತ್ತು. ಬಿಸಿ ಉಪ್ಪಿನ ಗಂಟನ್ನು ಮೊಣಕಾಲಿಗೆ ಒತ್ತಿಕೊಂಡಿದ್ದವರು ನನ್ನನ್ನು ಕಂಡ ಕೂಡಲೇ ಸೆರಗಿನಿಂದ ಅದನ್ನು ಮುಚ್ಚಿದರು.

"ಬರ್ರಿ ಬಾಯಾರ, ಕುಂಡ್ರಿ," ಎಂದವರು ಸೊಸೆಯನ್ನು ಚಹಾಕ್ಕೆ ಕಳಿಸಿದರು. ಅವಳು ಒಳಗೆ ಹೋದ ಮೇಲೆ ದನಿ ತಗ್ಗಿಸಿದರು. "ಮಗ್ಗದ ಕೋಣ್ಯಾಗ ನಮ್ಮ ಮನಿಯವರು ಅದಾರ. ಸಾವಕಾಶ ಮಾತಾಡ್ರಿ."

"ಮಣಕಾಲಿಗೆ ಏನಾತ್ರಿ?"

"ಇದು ಶ್ರಾವಣದಿಂದನ ಐತಿ. ಮುಂದ ಕಾಲಿಟ್ಟು ಬಗ್ಗಿದರ ಒಳಗ ಏನೋ ಹಿಡದಂಗ ಆಕ್ಕೈತಿ. ಆವತ್ತ ಹೆಜ್ಜಿ ಇಟ್ಟೆ ನೋಡ್ರಿ, ಕಣ್ಣಿಗೆ ಕತ್ತಲಿ ಬಂತು. ಆಕಿ 'ನಂದು' ಅಂದಳು. ಖರೇನ ಹೇಳ್ತೀನಿ, ಅಷ್ಟ ಛಲೋ ಮಾತು ನಾ ಎಂದೂ ಕೇಳಿರಲಿಲ್ಲ. ಓಡೂದು ತಪ್ಪಿತಲ್ಲ!" ಬಾಯಿಗೆ ಸೆರಗು ಹಿಡಿದು ನಕ್ಕರು.

ನನಗೆ ನಗು ಬರಲಿಲ್ಲ. ತಿಂಗಳುಗಟ್ಟಲೆ ಇವರನ್ನು ಎದುರಿಗಿಟ್ಟುಕೊಂಡು ಆಡಿಸಿದ್ದೆ. ನಿಂತಲ್ಲಿಂದಲೇ ಬಾಗುತ್ತಿದ್ದುದನ್ನು ಕಂಡೂ ಇದ್ದೆ.

"ನನಗರ ಹೇಳಬೇಕಿಲ್ರಿ?"

"ಹೇಳಿದರ ನೀವು ಆಡಿಸ್ತಿರಲಿಲ್ಲ. ನಾ ಕುಂತರ ಆಕೀದೂ ಬಂದ್ ಆಗತಿತ್ತು. ಇಬ್ಬರೂ ಕೂಡೇ ಅಂತ ಮನಿಯವರ ಮಾತು." ಅಡಿಗೆಮನೆಯತ್ತ ಒಮ್ಮೆ ನೋಡಿದರು. "ಹಡದ ಮ್ಯಾಲೆ ಆ ಹುಡುಗಿ ನಗೂದ ಬಿಟ್ಟಿತ್ರಿ. ಕೂಸಿನ ಕೂಡ ಕುಂತ್ರೂ ಎಲ್ಲೋ ನೋಡತಿತ್ತು. ಡಾಕ್ಟರು ಹೇಳಿದ್ದು ನನ್ನ ಸಕ್ಕರಿ ಸಲುವಾಗಿ ಖರೆ. ನಾ ಬಂದದ್ದು ಆಕಿ ಸಲುವಾಗಿ."

ಸೊಸೆ ಚಹಾ ತಂದು ಬಾಗಿಲಲ್ಲೇ ನಿಂತಿದ್ದಳು. ಕೊನೆಯ ಮಾತು ಅವಳಿಗೆ ಕೇಳಿಸಿತ್ತು. ತಟ್ಟೆ ಕೆಳಗಿಟ್ಟು ಅತ್ತೆಯ ಕಾಲ ಬಳಿ ಕೂತಳು.

"ನಾ ಒದರಿದ್ದಕ್ಕ ಸಿಟ್ಟಾಗೀರಿ ಅಂತ ತಿಳ್ಕೊಂಡಿದ್ದೆನ್ರಿ ಅತ್ತ್ಯಾರ. ಕಾಲ ಉಳುಕೇತಿ ಅಂತಷ್ಟ ಹೇಳಿದ್ರಿ ನೀವು."

"ಹುಚ್ಚಿ. ಸಿಟ್ಟಾಗಿದ್ರ ಅಲ್ಲೇ ಬೈತಿದ್ದಿಲ್ಲೇನು ನಾ?"

ಅತ್ತೆ ನನ್ನ ಕಡೆ ತಿರುಗಿದರು. ಅವರ ಬಳಿ ಒಂದು ಉಪಾಯ ಸಿದ್ಧವಾಗಿತ್ತು. ಮೊಣಕಾಲಿಗೆ ಬಿಗಿಯುವ ಪಟ್ಟಿ ಹಾಕಿಕೊಂಡು ಲಕ್ಷ್ಮೇಶ್ವರ ಮುಗಿಯುವವರೆಗೆ ಆಡುವುದು, ಮನೆಯವರಿಗೆ ಹೇಳದಿರುವುದು. "ನಾ ಒಂದ ಕಡೆ ನಿಂದರತೀನಿ. ಓಡೂದೆಲ್ಲ ಆಕಿ ಓಡ್ತಾಳ. ನೀವು ಹೂಂ ಅನ್ರಿ ಸಾಕು."

ಹಾಗೆ ಆಡಿಸಲು ಸಾಧ್ಯವಿತ್ತು. ಪಟ್ಟಿ ಬಿಗಿದು, ಮಾತ್ರೆ ನುಂಗಿ ಪಂದ್ಯ ಆಡಿದವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಕೆಲವರು ಇವತ್ತು ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಾರೆ. ಇಲ್ಲ ಎಂದರೆ ಸೊಸೆಯ ಆಟವೂ ಇಲ್ಲಿಗೇ ಮುಗಿಯಬಹುದು. ಚಹಾ ಆರಿತು. ನಾನು ಲೋಟ ಕೆಳಗಿಟ್ಟು ಹೇಳಿದೆ.

"ಈ ಮಣಕಾಲಿನ ಮ್ಯಾಲೆ ನಿಮ್ಮನ್ನ ಕೋರ್ಟಿಗೆ ಇಳಸಂಗಿಲ್ರಿ ಅಕ್ಕಾರ. ಆದರ ನೀವು ದಿನಾ ಹಾಲಿಗೆ ಬರಬೇಕು. ಕುರ್ಚಿ ಮ್ಯಾಲೆ ಕುಂತು ಆಕಿಗೆ ಶಟಲ್ ಹಾಕಿಕೊಡಬೇಕು. ಕಾಲಿನ ವ್ಯಾಯಾಮ ಅಲ್ಲೇ ಮಾಡಸ್ತೀನಿ. ಮತ್ತ ಇದನ್ನ ಮುಚ್ಚಿಟ್ಟು ಮಾಡೂದು ಬ್ಯಾಡ."

ಮಗ್ಗದ ಸದ್ದು ಯಾವಾಗಲೋ ನಿಂತಿತ್ತು. ಮಾವ ಮೊಮ್ಮಗನನ್ನು ಎತ್ತಿಕೊಂಡು ಕೋಣೆಯ ಬಾಗಿಲಿಗೆ ಬಂದಿದ್ದರು. ಹೆಂಡತಿಯ ಮೊಣಕಾಲನ್ನೂ ನನ್ನನ್ನೂ ನೋಡಿದರು.

"ಆಡಾಕ ಆಗೂದಿಲ್ಲ ಅಂದಮ್ಯಾಲೆ ಅಲ್ಲಿಗೆ ಹೋಗಿ ಏನ ಮಾಡಾಕಿ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಕಳವಳವಿತ್ತು.

"ಆಡಾಕ ಅಲ್ಲ, ಆಡಸಾಕ ಹೋಗ್ತೀನಿ," ಎಂದರು ಅತ್ತೆ.

ಮಾವ ಕೂಸನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡರು. "ಮೊದಲ ಡಾಕ್ಟರಿಗೆ ತೋರಸೂಣ ನಡಿ. ಆಮ್ಯಾಲೆ ಏನ ಬೇಕಾದ್ದು ಆಡಸಂತಿ."

ಮೂಳೆ ಡಾಕ್ಟರು ನೋಡಿ, ಆಪರೇಷನ್ ಬೇಡ, ಮಂಡಿ ಚಿಪ್ಪಿನ ಹಿಂದೆ ಸವೆದಿದೆ, ತೊಡೆಯ ಸ್ನಾಯು ಗಟ್ಟಿಯಾದರೆ ನೋವು ಇಳಿಯುತ್ತದೆ ಎಂದರು. ಫಿಸಿಯೋಥೆರಪಿಯವರು ತೋರಿಸಿಕೊಟ್ಟದ್ದನ್ನೇ ಹಾಲಿನಲ್ಲಿ ಮಾಡಿಸುತ್ತಿದ್ದೆ. ಅಂಗಾತ ಮಲಗಿ ಕಾಲನ್ನು ನೇರವಾಗಿ ಎತ್ತಿ ಹಿಡಿಯುವುದು. ಮಡಿಸಿದ ಟವೆಲನ್ನು ಮೊಣಕಾಲ ಕೆಳಗಿಟ್ಟು ಒತ್ತುವುದು. ನೋವು ಇಳಿದ ಮೇಲೆ ಗೋಡೆಗೆ ಬೆನ್ನು ಕೊಟ್ಟು ಸ್ವಲ್ಪ ಸ್ವಲ್ಪವೇ ಜಾರುವುದು. ಇದೆಲ್ಲ ಬೇಸರದ ಕೆಲಸ. ಕಾಲೆತ್ತಿದಾಗಲೆಲ್ಲ ಅವರು ನನ್ನನ್ನು ಬೈಯುತ್ತಿದ್ದರು.

ಶಟಲ್ ಹಾಕಿಕೊಡುವುದೂ ಸುಲಭವಲ್ಲ. ಬುಟ್ಟಿ ತುಂಬ ಹಳೆಯ ಶಟಲ್ ಪಕ್ಕಕ್ಕಿಟ್ಟುಕೊಂಡು, ಒಂದು ನೆಲಕ್ಕೆ ಬೀಳುವುದರೊಳಗೆ ಇನ್ನೊಂದು ಹಾಕಬೇಕು. ಮೊದಲಿಗೆ ಅವರು ಎಲ್ಲವನ್ನೂ ಎತ್ತರಕ್ಕೆ, ಸೊಸೆಯ ಕೈಗೇ ಸಿಗುವಂತೆ ಹಾಕುತ್ತಿದ್ದರು. "ಮೊಸರನ್ನ ಕಲಸಿ ಬಾಯಾಗ ಇಟ್ಟಂಗ ಹಾಕಬ್ಯಾಡ್ರಿ, ಆಕಿ ಓಡ್ಲಿ," ಎಂದು ನಾನು ಹೇಳಬೇಕಾಯಿತು. ಕೆಲವು ದಿನ ಸೊಸೆಗೆ ಶಟಲ್ಲಿಗಿಂತ ಅತ್ತೆಯ ಕಾಲಿನ ಕಡೆಯೇ ಕಣ್ಣು. ಅದೂ ನಿಧಾನವಾಗಿ ಹೋಯಿತು. ಅತ್ತೆಯ ಎಡಗೈ ಇಲ್ಲಿ ಒದಗಿ ಬಂತು. ಆ ಕೈಯಿಂದ ಬಂದ ಶಟಲ್ ಬೇರೆ ಕೋನದಲ್ಲಿ ಇಳಿಯುತ್ತದೆ. ಅದನ್ನು ಮುಟ್ಟಲು ಸೊಸೆ ಹೆಜ್ಜೆ ಹೊಸದಾಗಿ ಕಲಿಯಬೇಕಾಯಿತು: ಕೊನೆಯ ಹೆಜ್ಜೆ ಉದ್ದ, ಮೊದಲು ಹಿಮ್ಮಡಿ ಊರಬೇಕು, ಮೊಣಕಾಲು ಕಾಲ್ಬೆರಳ ತುದಿ ದಾಟಬಾರದು. ಅವಳ ಮೊಣಕಾಲು ಸ್ವಲ್ಪ ಮುಂದೆ ಹೋದರೂ ಕುರ್ಚಿಯಿಂದ ದನಿ ಬರುತ್ತಿತ್ತು. "ನೋಡವಾ, ನನ್ನಂಗ ಮಾಡ್ಕೋಬ್ಯಾಡ."

ಜೋಡಿಗೆ ಒಬ್ಬರು ಬೇಕಿತ್ತು. ಬೆಳಗಿನ ಬ್ಯಾಚಿನ ನರ್ಸ್ ಒಬ್ಬಳು ಒಪ್ಪಿದಳು. ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿಯ ಕಡೆಯವಳು, ಹೊಳೆಯ ಆಚೆ ದಂಡೆಯವರನ್ನು ಕರೆದು ರೂಢಿಯಾದ ಗಂಟಲು. "ಬಿಡು ಲೇ!" ಎಂದು ಅವಳು ಒಂದು ಸಲ ಕೂಗಿದರೆ ಮಾಡಿನ ಮೇಲಿನ ಪಾರಿವಾಳಗಳೂ ಜಾಗ ಬಿಡುತ್ತಿದ್ದವು. ಸೊಸೆ ಮೊದಲು ಬೆಚ್ಚಿದಳು, ಆಮೇಲೆ ಅಷ್ಟೇ ಗಟ್ಟಿಯಾಗಿ ತಿರುಗಿ ಕೂಗತೊಡಗಿದಳು.

ಲಕ್ಷ್ಮೇಶ್ವರದಲ್ಲಿ ನಾವು ಕಪ್ ಗೆಲ್ಲಲಿಲ್ಲ. ಅಭ್ಯಾಸವೆಲ್ಲ ನೈಲಾನ್ ಶಟಲ್ಲಿನಲ್ಲಿ, ಪಂದ್ಯ ಗರಿಯ ಶಟಲ್ಲಿನಲ್ಲಿ. ಗರಿಯದ್ದು ಜೋರಾಗಿ ಹೊರಟು ಕೊನೆಗೆ ಸಟ್ಟನೆ ಬೀಳುತ್ತದೆ. ಮೊದಲ ಪಂದ್ಯದ ಅರ್ಧ ಅದು ಅರ್ಥವಾಗುವುದರಲ್ಲೇ ಹೋಯಿತು. ಆದರೂ ಅದನ್ನು ಗೆದ್ದರು, ಮುಂದಿನದನ್ನೂ ಗೆದ್ದರು. ಸೆಮಿಫೈನಲ್‌ನಲ್ಲಿ ಕಾಲೇಜಿನ ಇಬ್ಬರು ಹುಡುಗಿಯರು ಇವರನ್ನು ಮೂರನೆಯ ಗೇಮಿನವರೆಗೂ ಓಡಾಡಿಸಿ, ಕೊನೆಗೆ ಉಸಿರಿನ ಬಲದಿಂದ ಸೋಲಿಸಿದರು. ಮಾವ ಅಂಗಡಿಯ ಬಾಗಿಲು ಹಾಕಿ, ಕೂಸನ್ನು ಎತ್ತಿಕೊಂಡು ಅತ್ತೆಯ ಜೊತೆ ಬಂದಿದ್ದರು. ಸೊಸೆ ಪಾಯಿಂಟ್ ಗೆದ್ದಾಗ ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಕೂಸಿನ ಎರಡು ಕೈ ಹಿಡಿದು ತಟ್ಟಿಸುತ್ತಿದ್ದರು.

ಸೋತು ಬಂದ ಸೊಸೆ ಅಳಲಿಲ್ಲ. ಬೆವರು ಒರೆಸಿಕೊಂಡು ನನ್ನ ಪಕ್ಕ ಕೂತು, ಇನ್ನೂ ಏದುಸಿರು ಬಿಡುತ್ತಲೇ ಕೇಳಿದಳು. "ಮೇಡಂ, ಮುಂದಿನ ಸಲ ಸಿಂಗಲ್ಸೂ ಆಡ್ಲೇನ್ರಿ?"

ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಸೊಸೆ ಒಬ್ಬಳೇ ಸ್ಕೂಟಿಯಲ್ಲಿ ಬಂದಳು. ನಾನು ಗಾಬರಿಯಿಂದ ಬಾಗಿಲ ಕಡೆ ನೋಡಿದೆ. "ಅತ್ತ್ಯಾರು ಆಮ್ಯಾಲೆ ಬರ್ತಾರಂತ್ರಿ," ಎಂದಳು. ಆ ಮನೆಯಲ್ಲಿ ಕರಾರು ಯಾವಾಗ ಸಡಿಲವಾಯಿತು, ಯಾರು ಯಾರಿಗೆ ಏನು ಹೇಳಿದರು, ನಾನು ಕೇಳಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಅತ್ತೆ ಬಂದರು, ಓಣಿಯ ಮೂವರು ಗೆಳತಿಯರನ್ನು ಕಟ್ಟಿಕೊಂಡು. ಅಷ್ಟರಲ್ಲಿ ಡಾಕ್ಟರು ಅವರಿಗೆ ಅರ್ಧ ಕೋರ್ಟಿನ ಆಟಕ್ಕೆ ಒಪ್ಪಿಗೆ ಕೊಟ್ಟಿದ್ದರು. ಓಡುವಂತಿಲ್ಲ, ಹಾರುವಂತಿಲ್ಲ, ಕೈಗೆಟುಕಿದ್ದನ್ನು ಹೊಡೆಯಬಹುದು. ಚೂಡಿದಾರವನ್ನು ಮನೆಯಿಂದಲೇ ತೊಟ್ಟು ಬಂದಿದ್ದರು. ಗೆಳತಿಯರು ರ‍್ಯಾಕೆಟ್ ತಿರುಗಿಸಿ ನೋಡುತ್ತಿರುವಾಗ ನನ್ನ ಹತ್ತಿರ ಬಂದು ಕೂತರು.

"ಮುಂಜಾನೆ ಹ್ಯಾಂಗ ಆಡಿದಳ್ರಿ ಆಕಿ?"

"ಆಕಿನ್ನ ಕೇಳಬೇಕಿಲ್ರಿ?"

"ಕೇಳಿದೆ. 'ಛಲೋ ಆತ್ರಿ' ಅಂದಳು, ಅಷ್ಟ. ನೀವು ಖರೆ ಹೇಳ್ರಿ."

ನಿಜ ಹೇಳಿದೆ. ಹಿಂಗೈ ಹೊಡೆತ ಇನ್ನೂ ತಡವಾಗುತ್ತಿದೆ, ದಣಿದಾಗ ಮೊಣಕೈ ಕೆಳಗಿಳಿಯುತ್ತದೆ, ಸಿಂಗಲ್ಸ್ ಆಡಬೇಕೆಂದರೆ ಉಸಿರು ಇನ್ನೂ ಬೇಕು. ಅವರು ತಲೆಯಾಡಿಸುತ್ತ ಕೇಳಿಸಿಕೊಂಡರು. ಬೂಟಿನ ದಾರವನ್ನು ಎರಡು ಸಲ ಬಿಗಿದು ಕಟ್ಟಿದರು.

"ಇದನ್ನ ಆಕಿಗೆ ನೀವ ಹೇಳ್ರಿ ಬಾಯಾರ. ಮನ್ಯಾಗ ನಾ ಅತ್ತಿ. ನಾ ಹೇಳಿದರ ಬೈದಂಗ ಕೇಳಸ್ತೈತಿ," ಎಂದು ಎದ್ದು, ಕೈ ಚಾಚಿ ನನ್ನ ಭುಜ ಹಿಡಿದು, ಎಡಗಾಲನ್ನು ನಿಧಾನವಾಗಿ ಮಡಿಸಿ ನೀಡಿ ನೋಡಿಕೊಂಡು, ಕೋರ್ಟಿಗೆ ಇಳಿದರು.